ಹೊಟ್ಟೆಗೆ ಹಾಕಿದ ಡಾಬು

ಸಂಜೆಯೊಳಗೆ ಈ ಮನೆಯವರ ಬಾಯಿ ಮುಚ್ಚಿಸದಿದ್ದರೆ ನನ್ನ ಹೆಸರು ಸೂಗಮ್ಮನೇ ಅಲ್ಲ! ನಿಜಾಮರ ಕಾಲದಲ್ಲಿ, ಕಮಲಾಪುರದ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಹೀಗೆ ಶಪಥ ಮಾಡಿದಾಗ ನನಗಿದ್ದದ್ದು ಮೂರು ಮಕ್ಕಳು ಮತ್ತು ಒಂದು ಹೊಟ್ಟೆ. ಎಂಥ ಹೊಟ್ಟೆ ಅನ್ನುತ್ತೀರಿ! ಬೆಳಿಗ್ಗೆ ಎದ್ದಾಗ ತಟ್ಟೆ. ನೀರು ಹೊತ್ತು, ಜೋಳ ಬೀಸಿ, ರೊಟ್ಟಿ ಬಡಿದು ಸಂಜೆಯಾಗುವಷ್ಟರಲ್ಲಿ ನಗಾರಿ! ಸೊಂಟವಂತೂ ಈಗ ಮುರಿದೀತು, ಆಗ ಮುರಿದೀತು.

ಅತ್ತೆಗೆ ಕಾರಣ ಗೊತ್ತಿತ್ತು.

"ಹೊಟ್ಟಿ ಸುಳ್ಳ ಹೇಳಂಗಿಲ್ಲವಾ. ಯಾವ ಗಡಿಗ್ಯಾಗ ಕೈ ಹಾಕೀದಿ, ಹೇಳು."

ಕದ್ದು ತಿನ್ನುವ ಸೊಸೆ! ಓಣಿಗೆಲ್ಲ ಸುದ್ದಿ. ಓಮಕಾಳು ನುಂಗಿದೆ, ಇಂಗು ನುಂಗಿದೆ, ರಾತ್ರಿಯೂಟ ಬಿಟ್ಟೆ. ಹೊಟ್ಟೆ ಮಾತ್ರ ಸರಕಾರಿ ಖಜಾನೆಯಂತೆ ತುಂಬುತ್ತಲೇ ಹೋಯಿತು. ಕಡೆಗೆ ನಾನು ಹೆತ್ತ ಮಕ್ಕಳೇ ನನ್ನನ್ನು ಕಂಡರೆ ಚಕ್ಕುಲಿ ಬಚ್ಚಿಡತೊಡಗಿದವು. ಅಂದು ಮೂಲೆಯಲ್ಲಿ ಕೂತು ಕಣ್ಣೀರು ಹಾಕಿದೆ. ಆಮೇಲೆ ಎದ್ದು ಶಪಥ ಮಾಡಿದೆ.

"ಅತ್ತೀ, ನಿಮ್ಮ ತವರಮನಿ ಡಾಬು ನನ್ನ ನಡಕ್ಕ ಹಾಕ್ರಿ. ಇವತ್ತ ಒಂದ ತುತ್ತೂ ಮುಟ್ಟಂಗಿಲ್ಲ. ಸಂಜಿಗೂ ಇಷ್ಟೇ ಸಡಿಲ ಇದ್ದರ ನಾ ಕಳ್ಳಿ ಅಲ್ಲ!"

ಆ ಬೆಳ್ಳಿ ನಡುಪಟ್ಟಿಯನ್ನು ಅತ್ತೆ ತಾವೇ ಹಾಕಿ ಕೊಂಡಿ ಸಿಕ್ಕಿಸಿದರು.

ಸಂಜೆ ನೋಡಿದರೆ ಡಾಬು ಹೊಟ್ಟೆಯೊಳಗೆ ಹೂತುಹೋಗಿತ್ತು! ಮನೆಮಂದಿಯೆಲ್ಲ ಎಳೆದರೂ ಕೊಂಡಿ ಜಪ್ಪಯ್ಯ ಅನ್ನಲಿಲ್ಲ.

"ಉಪಾಸ ಇದ್ದೇ ಇಷ್ಟಾಗ್ಯಾದ. ಉಂಡಿದ್ದರ ಮಾಳಿಗೀನೇ ಹಾರ್ತಿತ್ತು!" ಎಂದರು ನಮ್ಮ ಯಜಮಾನರು.

ಬೆಳ್ಳಿ-ಬಂಗಾರದ ಕೆಲಸದ ಪತ್ತಾರ ದತ್ತಪ್ಪ ಕತ್ತರಿ ಹಿಡಿದು ಬಂದ. ಅತ್ತೆ ಅಡ್ಡ ನಿಂತರು.

"ಡಾಬು ಮುಟ್ಟಬ್ಯಾಡೋ ಮಾರಾಯಾ! ಬೇಕಾದ್ರ ಹೊಟ್ಟಿ ಕೊಯ್ಯಿ!"

ಹೊಟ್ಟೆ ಕೊಯ್ಯುವವರು ಕಲಬುರಗಿಯಲ್ಲಿದ್ದರು. ರಾತ್ರೋರಾತ್ರಿ ಬಂಡಿ ಹೂಡಿದರು. ಡಾಬಿನ ಕಾವಲಿಗೆಂದು ಅತ್ತೆಯೂ ಹತ್ತಿದರು. ಅತ್ತೆಯ ಮುಂದೆ ಸೊಸೆಯಾದವಳು ಮಲಗುವುದುಂಟೇ? ದಾರಿಯುದ್ದಕ್ಕೂ ಸೆಟೆದು ಕೂತೇ ಇದ್ದೆ. ಒಂದೊಂದು ಕುಲುಕಿಗೂ ಬೆಳ್ಳಿ ಕಚ್ಚುತ್ತಿತ್ತು. ಸತ್ತರೂ ಕಳ್ಳಿಯಾಗಿಯೇ ಸಾಯುತ್ತೇನಲ್ಲ ಶಿವನೇ ಎಂದು ಒಳಗೊಳಗೇ ಬಿಕ್ಕಿದೆ. ಜೋರಾಗಿ ಬಿಕ್ಕಲು ಡಾಬು ಬಿಡಬೇಕಲ್ಲ!

ದವಾಖಾನೆಯ ಲೇಡಿ ಡಾಕ್ಟರ್, ಅಂದರೆ ಡಾಕ್ಟರ್ ಬಾಯಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಲ್ಕೊ ತಂಗಿ. ಮೊಣಕಾಲು ಮಡಚು. ಮೆಲ್ಲಕ ಉಸಿರು ಬಿಡು."

"ಅತ್ತಿ ಅದಾರ್ರೀ…"

"ಇರ್ಲಿ, ಮಲ್ಕೊ!"

ಮಲಗಿದೆ. ಉಸಿರು ಬಿಟ್ಟೆ. ನೋಡನೋಡುತ್ತಲೇ ನಗಾರಿ ಇಳಿದು ತಟ್ಟೆಯಾಯಿತು. ಟಕ್! ಕೊಂಡಿ ಬಿಚ್ಚಿತು.

"ಈಕಿ ಏನೂ ಕದ್ದು ತಿಂದಿಲ್ಲಮ್ಮಾ," ಎಂದರು ಡಾಕ್ಟರ್ ಬಾಯಿ ಅತ್ತೆಗೆ. "ಮೂರು ಹಡದು ಹೊಟ್ಟಿ ನರ ಸಡಿಲ ಆಗ್ಯಾವ. ಅದರ ಮ್ಯಾಲ ದಿನಾ ಭಾರ ಹೊತ್ತು ನಡಾ ಮುಂದ ದೂಡಿ ನಿಂತ್ರ, ಹೊಟ್ಟಿ ತಡಿಯೋರು ಯಾರು? ಮುಂದ ಬರ್ತದ. ದಿನಾ ಮಧ್ಯಾಹ್ನ ಹಿಂಗೇ ಒಂಚೂರು ಮಲಗಸ್ರಿ."

ಗೆದ್ದೆ! ಕಮಲಾಪುರದ ಓಣಿಯಲ್ಲಿ ತಲೆಯೆತ್ತಿ ಬಂಡಿ ಇಳಿದೆ. ಕಟ್ಟೆಯ ಮೇಲಿನ ಹೆಂಗಸರು ಕಾದೇ ಕೂತಿದ್ದರು.

"ಏನಂತರೀ ನಿಮ್ಮ ಸೊಸಿಗೆ?"

ಅತ್ತೆ ಡಾಬನ್ನು ಎದೆಗೊತ್ತಿಕೊಂಡು ನಿಟ್ಟುಸಿರು ಬಿಟ್ಟರು.

"ಏನ ಹೇಳಲವ್ವಾ! ಕದ್ದು ತಿನ್ನಾಕಿ ಆಗಿದ್ದರ ಗಡಿಗಿ ಎತ್ತಿ ನೆಲುವಿನ ಮ್ಯಾಲ ಇಡ್ತಿದ್ದೆ. ಇದು ಮಟಮಟ ಮಧ್ಯಾಹ್ನ ಕಾಲು ಮಡಚಿ ಮಲಗೋ ರೋಗ ಅಂತ!"