ಮುಖ ತೊಳೆಯದ ಕಾರು

ಚೆನ್ನೈಯಲ್ಲಿ ಹಳೇ ಕಾರು ಮಾರುತ್ತ ನನ್ನ ತಲೆ ನರೆತಿದೆ. ಇನ್ನು ಯಾವ ಗಾಡಿಯೂ ನನ್ನನ್ನು ಮಂಗ ಮಾಡಲಾರದು ಅಂದುಕೊಂಡ ವಾರವೇ ಒಂದು ಬಂದು ನಿಲ್ಲುತ್ತದೆ. ಈ ಸಲದ್ದು ವಿದೇಶಿ ಕಾರು. ಹೆಡ್‌ಲೈಟ್ ಕೆಳಗೊಂದು ಪುಟ್ಟ ಮುಚ್ಚಳ. ಬಟನ್ ಒತ್ತಿದರೆ ಅದು ತೆರೆದು, ನೀರು ಚಿಮ್ಮಿ ದೀಪ ತೊಳೆಯಬೇಕು. ತೊಳೆಯುತ್ತಿರಲಿಲ್ಲ. ಕೇಳಲು ಬಂದಿದ್ದವರು ಸೌಕಾರ್‌ಪೇಟೆಯ ಬೆಳ್ಳಿ ವ್ಯಾಪಾರಿಯೊಬ್ಬರೇ. "ಎಲ್ಲ ಬಟನ್ನೂ ಕೆಲಸ ಮಾಡಿದರೆ ಶುಕ್ರವಾರ ಒಯ್ಯುತ್ತೇನೆ. ಒಂದು ಸತ್ತಿದ್ದರೂ ಬೇಡ," ಅಂದಿದ್ದರು.

ಎಲ್ಲಾ ಸರಿ

ನಮ್ಮ ತಮಿಳು ಎಲೆಕ್ಟ್ರಿಷಿಯನ್ ನನ್ನ ಬೈಗುಳದಲ್ಲೇ ಕನ್ನಡ ಕಲಿತವನು. ಫ್ಯೂಸ್ ನೋಡಿದ, ರಿಲೇ ಬದಲಿಸಿದ. ಪಂಪಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟರೆ ನೀರು ಬಂತು. ಬಟನ್ ಒತ್ತಿದರೆ ಇಲ್ಲ.

"ಏನಪ್ಪಾ?"

"ಫ್ಯೂಸ್ ಸರಿ, ರಿಲೇ ಸರಿ, ಪಂಪ್ ಸರಿ, ಸಾರ್."

"ಮತ್ತೆ ತಪ್ಪು ಯಾವುದು?"

ಬಹಳ ಯೋಚಿಸಿ ಅಂದ: "ಗಾಡಿ, ಸಾರ್."

ಬಿಸಿಲಿಗೆ ಆಗದು

ಸಂಜೆ ಕತ್ತಲಾಯಿತೆಂದು ಹೆಡ್‌ಲೈಟ್ ಹಾಕಿಕೊಂಡು ಬಟನ್ ಒತ್ತಿದ. ಚಿಮ್ಮಿತು! ಬೆಳಿಗ್ಗೆ ನೋಡಿದರೆ ಮತ್ತೆ ಸತ್ತಿತ್ತು.

"ಬಿಸಿಲಿಗೆ ವೈರ್ ಹಿಗ್ಗುತ್ತೆ ಸಾರ್," ಎಂದು ಟಾರ್ಪಾಲಿನ್ ಕಟ್ಟಿದ. ಹೊಸ ವೈರಿಗಿಂತ ನೆರಳು ಅಗ್ಗ, ನಾನೂ ಒಪ್ಪಿದೆ. ನೆರಳಲ್ಲೂ ಸತ್ತೇ ಇತ್ತು.

ಊಟದ ಡಬ್ಬಿ ತಂದ ನನ್ನ ಹೆಂಡತಿ ಇಬ್ಬರನ್ನೂ ನೋಡಿದಳು. "ದೀಪಾನೇ ಹಚ್ಚಿಲ್ಲ, ಅದನ್ನ ತೊಳಿಯೋದು ಯಾಕ್ರೀ?"

ಲೈಟ್ ಹಾಕಿ ಒತ್ತಿದೆವು. ಚಿಮ್ಮಿತು. ದೀಪ ಉರಿಯುವಾಗ ಮಾತ್ರ ತೊಳೆಯುವ ಹಾಗೆ ಕಂಪನಿಯವರೇ ಅದರ ವೈರಿಂಗ್ ಮಾಡಿದ್ದರು!

ಎಲೆಕ್ಟ್ರಿಷಿಯನ್ ಸೋಲಲಿಲ್ಲ. "ಅಮ್ಮ ನೆರಳಲ್ಲಿ ನಿಂತು ತಾನೇ ಯೋಚಿಸಿದ್ದು, ಸಾರ್?"

ಶುಕ್ರವಾರ

ರಾಹುಕಾಲಕ್ಕೆ ಮುಂಚೆ ಗಾಡಿ ಹೊರಡಬೇಕೆಂದು ವ್ಯಾಪಾರಿ ಬಿಳಿ ಜುಬ್ಬಾದಲ್ಲಿ ಬಂದರು. ಎಲೆಕ್ಟ್ರಿಷಿಯನ್ ಆಗಲೇ ಕಾರಿಗೆ ಪೂಜೆ ಮುಗಿಸಿ, ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಒಳಗೆ ಕೂತಿದ್ದ. ಒಂದೊಂದೇ ಬಟನ್ ಪಾಸಾಯಿತು. ಕೊನೆಗೆ ಲೈಟ್ ಹಾಕಿ ದೀಪ ತೊಳೆಯುವ ಬಟನ್ ಒತ್ತಿದ. ಪಂಪ್ ಗುಂಯ್ ಅಂತು, ನೀರಿಲ್ಲ. ವ್ಯಾಪಾರಿ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಬಗ್ಗಿ ದೀಪವನ್ನೇ ನೋಡಿದರು.

ಆಗ ನನಗೆ ಕಂಡಿತು. ಭಕ್ತಿಯಿಂದ ದಪ್ಪಗೆ ಬಳಿದ ಗಂಧ, ಕುಂಕುಮ ಒಣಗಿ ಮುಚ್ಚಳವನ್ನು ಅಂಟಿಸಿಬಿಟ್ಟಿತ್ತು. ನಿಲ್ಲಿಸು ಎಂದು ಎರಡೂ ಕೈ ಎತ್ತಿದೆ. ಇನ್ನೂ ಜೋರಾಗಿ ಎಂದು ತಿಳಿದು ಅವನು ಒತ್ತಿ ಹಿಡಿದ.

ಮುಚ್ಚಳ ಫಟ್ಟನೆ ತೆರೆದು ಕುಂಕುಮದ ನೀರು ಚಿಮ್ಮಿತು. ವ್ಯಾಪಾರಿಯ ಜುಬ್ಬಾ ಕೆಂಪಾಯಿತು, ಮೀಸೆಯಿಂದ ಗಂಧ ತೊಟ್ಟಿಕ್ಕಿತು. ವ್ಯಾಪಾರ ಕೆಟ್ಟಿತು ಅಂದುಕೊಂಡೆ.

ಅವರು ಸಮಾಧಾನವಾಗಿ ಮುಖ ಒರೆಸಿಕೊಂಡರು. "ಕಾರು ಒಯ್ಯುತ್ತೇನೆ. ಆದರೆ ಇದೊಂದು ಬಟನ್ ಕೆಲಸ ಮಾಡದ ಹಾಗೆ ಮಾಡಿಕೊಡಿ."

ಎಲೆಕ್ಟ್ರಿಷಿಯನ್ ಕಿಟಕಿಯಿಂದ ತಲೆ ಹೊರಹಾಕಿದ: "ಮೊದಲು ಹಾಗೇ ಇತ್ತಲ್ಲ, ಸಾರ್!"