ಮದ್ದೂರಿನ ಜಪಾನ್ ಸ್ನಾನ

ಬಿಸಿನೀರು ಇರುವ ಕಡೆಗೆ ಬಂದ ಜನ ಬರೀ ಮೈ ತೊಳೆದುಕೊಂಡು ಹೋಗುವುದಿಲ್ಲ, ಏನಾದರೂ ಒಂದು ಮಾಡಿಯೇ ಹೋಗುತ್ತಾರೆ. ಮದ್ದೂರಿನಲ್ಲಿ ನಾನೂ ನಮ್ಮೆಜಮಾನರೂ ಸ್ನಾನದ ವಸತಿ ನಡೆಸುತ್ತಿದ್ದಷ್ಟು ಕಾಲವೂ ನಗು ಬಾರದ ವಾರ ಅಂತ ಒಂದನ್ನು ನಾನು ಕಾಣಲಿಲ್ಲ.

ಮೊದಲು ವಸತಿಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಮಾವನವರದು ಆಲೆಮನೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಸುತ್ತಲಿನ ಕಬ್ಬೆಲ್ಲ ಗಾಡಿ ಹತ್ತಿ ಅತ್ತ ಹೋಗತೊಡಗಿತು. ಬೆಲ್ಲ ಕಾಯಿಸುತ್ತಿದ್ದ ದೊಡ್ಡ ಕೊಪ್ಪರಿಗೆ ಹಿತ್ತಿಲಲ್ಲಿ ಬೋರಲು ಬಿತ್ತು. ಅದರ ನೆರಳಿನಲ್ಲಿ ನಮ್ಮ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಆಗ ನಮ್ಮ ಬೀದಿಗೆ ರೇಷ್ಮೆ ಇಲಾಖೆಯಿಂದ ಪಿಂಚಣಿ ಪಡೆದ ಇನ್ಸ್‌ಪೆಕ್ಟರೊಬ್ಬರು ಬಾಡಿಗೆಗೆ ಬಂದರು. ಹುಳು ಸಾಕುವುದನ್ನು ಕಲಿಯಲು ಚಿಕ್ಕ ವಯಸ್ಸಿನಲ್ಲಿ ಜಪಾನಿಗೆ ಹೋಗಿ ಬಂದವರು. ಅಲ್ಲಿ ಬೆಟ್ಟದ ಬುಡದಲ್ಲಿ ಬಿಸಿನೀರು ತಾನಾಗಿ ಉಕ್ಕುತ್ತದಂತೆ, ಪಕ್ಕದಲ್ಲೇ ಅಗ್ಗದ ಹೋಟೆಲುಗಳಂತೆ, ಅಜ್ಜಿ ಮೊಮ್ಮಕ್ಕಳ ಸಮೇತ ಸಂಸಾರವೇ ಹೋಗಿ ನಾಲ್ಕು ದಿನ ಇದ್ದು, ಕುತ್ತಿಗೆವರೆಗೆ ನೀರಿನಲ್ಲಿ ಕೂತು, ಉಂಡು, ಮಲಗಿ ಬರುತ್ತಾರಂತೆ. ನೀರು ಉಕ್ಕದ ಊರುಗಳಲ್ಲಿ ಕಬ್ಬಿಣದ ಕಡಾಯಿಗೆ ನೀರು ತುಂಬಿ, ಕೆಳಗೆ ಬೆಂಕಿ ಹಾಕಿ, ತಳ ಸುಡದ ಹಾಗೆ ಒಂದು ಹಲಗೆ ಇಟ್ಟುಕೊಂಡು ಕೂರುತ್ತಾರಂತೆ.

ಇನ್ಸ್‌ಪೆಕ್ಟರು ಇದನ್ನು ಹೇಳುತ್ತಿದ್ದ ಹಾಗೇ ನಮ್ಮೆಜಮಾನರ ಕಣ್ಣು ಹಿತ್ತಿಲ ಕಡೆಗೆ ತಿರುಗಿತು. ಆ ವಾರವೇ ಕೋಳಿಗಳು ಜಾಗ ಖಾಲಿ ಮಾಡಬೇಕಾಯಿತು.

ಆಲೆಮನೆಯನ್ನೇ ಬಚ್ಚಲು ಮಾಡಿದೆವು. ಜಗಲಿಯ ಪಕ್ಕ ಸಾಲಾಗಿ ಕೋಣೆ. ಅಕ್ಕಿಗೆ ಕಷ್ಟದ ಕಾಲ, ಬಂದವರು ರಾಗಿಹಿಟ್ಟು ತಂದರೆ ನಾನು ಮುದ್ದೆ ಸಾರು ಮಾಡಿಕೊಡುತ್ತಿದ್ದೆ. ಒಲೆಯ ಬಾಯಿ ಗೋಡೆಯ ಆಚೆ, ಹೊರಗಡೆ. ಬೆಂಕಿ ನೋಡಿಕೊಳ್ಳುವ ಕೆಲಸ ನನ್ನದು. ಒಲೆಯ ಮೇಲ್ಗಡೆ, ಆವಿ ಹೋಗಲಿ ಅಂತ ಗೋಡೆಗೆ ಒಂದು ಕಿಂಡಿ ಬಿಟ್ಟಿದ್ದೆವು. ಆವಿಯ ಜೊತೆ ಒಳಗಿನ ಮಾತೂ ಈಚೆಗೆ ಬರುತ್ತಿತ್ತು. ನಾನೇನೂ ಕದ್ದು ಕೇಳುತ್ತಿರಲಿಲ್ಲ. ಎರಡು ಕೈಯಲ್ಲೂ ಸೌದೆ ಇರುವಾಗ ಕಿವಿ ಮುಚ್ಚಿಕೊಳ್ಳುವುದು ಹೇಗೆ?

ಅಜ್ಜಿ ಮತ್ತು ಬೆಂಕಿ

ಮೊದಮೊದಲು ಬಂದವರಲ್ಲಿ ಮಳವಳ್ಳಿ ಕಡೆಯ ಒಂದು ಸಂಸಾರ. ಮಗ, ಸೊಸೆ, ಮಕ್ಕಳು, ಮಂಡಿನೋವಿನ ಅಜ್ಜಿ. ಅಜ್ಜಿಗೋಸ್ಕರವೇ ಎಲ್ಲರೂ ಬಂದಿದ್ದು. ಆದರೆ ಅಜ್ಜಿ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟರು. ಕೊಪ್ಪರಿಗೆ ನೋಡಿದರು, ಗೋಡೆಯಾಚೆ ಉರಿಯುವ ಒಲೆ ನೋಡಿದರು, ಆಮೇಲೆ ನಿಧಾನವಾಗಿ ಸೊಸೆಯ ಮುಖ ನೋಡಿದರು.

"ಇದ್ಯಾರವ್ವ ನಿಂಗೆ ಯೋಳ್ಕೊಟ್ಟಿದ್ದು?"

"ಅಯ್ಯೋ, ನಾನಲ್ಲ ಕಣತ್ತೆ. ನಿಮ್ಮಗನೇ ಕರ್ಕೊಂಡ್ ಬಂದಿದ್ದು."

"ಮಂಡಿ ನೋಯ್ತದೆ ಅಂದ್ನೇ ವರ್ತು, ಬದುಕಿದ್ದು ಸಾಕಾಯ್ತು ಅಂದ್ನಾ? ಬೆಂಕಿ ಮ್ಯಾಲೆ ಮಡಗಕೆ ನಾನೇನ್ ಅವರೆಕಾಯಾ?"

ಮಗ ಹೊರಗಿನಿಂದ ಕೂಗಿದ: "ಅವ್ವಾ, ಜಪಾನ್‌ನಾಗೆ ಎಲ್ಲಾ ಇಂಗೇ ಕಣವ್ವ."

"ಅಂಗಾರೆ ಮೊದ್ಲು ನೀನು ಕುಂತ್ಕೊ. ನೀ ಬೇಯ್ದೆ ಈಚೆಗ್ ಬಂದ್ರೆ ನಾನು ಕೂರ್ತೀನಿ."

ಪಾಪ, ಮಗ ಕೂತು ಎದ್ದು ಬಂದ. ಅಜ್ಜಿ ಅವನ ತೋಳು ಚಿವುಟಿ ನೋಡಿದರು, ಬೆಂದಿರಲಿಲ್ಲ. ಸೊಸೆಯ ಭುಜ ಹಿಡಿದುಕೊಂಡು ಹೆದರುತ್ತಾ ಹೆದರುತ್ತಾ ಒಳಗಿಳಿದರು. ಇಳಿದವರು ಏಳಲೇ ಇಲ್ಲ. ಸೊಸೆ ಸೀರೆ ಹಿಡಿದುಕೊಂಡು ಕಾದಳು, ಮಕ್ಕಳು ತಮ್ಮ ಸರದಿಗೆ ಕಾದು ಕಾದು ಜಗಲಿಯಲ್ಲೇ ನಿದ್ದೆ ಹೋದವು. ಬಿಸಿಲು ಅಂಗಳದ ಈ ಕಡೆಯಿಂದ ಆ ಕಡೆಗೆ ಹೋಯಿತು. ನನಗೇ ಭಯವಾಯಿತು. ಕಿಂಡಿಯ ಹತ್ತಿರ ಬಾಯಿಟ್ಟು, "ಅಜ್ಜೀ, ಬಿಸಿ ಜಾಸ್ತಿ ಆಯ್ತಾ?" ಅಂದೆ.

ಒಳಗಿನಿಂದ ತೃಪ್ತಿಯಾದ ದನಿ ಬಂತು:

"ಒಂದು ಮಂಡಿ ಬೆಂದದೆ ಕಣವ್ವ. ಇನ್ನೊಂದ್ಕೆ ಒಸಿ ಸೌದೆ ಆಕು."

ಜಪ ಸ್ನಾನ

ಬಾಗಿಲ ಮೇಲೆ ನಮ್ಮೆಜಮಾನರು ಬೋರ್ಡು ಬರೆಸಿದ್ದರು: 'ಜಪಾನ್ ಸ್ನಾನ. ಸಂಸಾರಸ್ಥರಿಗೆ ವಸತಿ ಉಂಟು.' ಬರೆಸಿದಾಗ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಯುದ್ಧದಲ್ಲಿ ಜಪಾನಿನವರೂ ಬಂದು ಸೇರಿಕೊಂಡರಲ್ಲ, ಒಂದು ಬೆಳಿಗ್ಗೆ ಪೊಲೀಸಿನವರೊಬ್ಬರು ಸೈಕಲ್ ಮೇಲೆ ಬಂದಿಳಿದರು.

"ಯಾರ್ರೀ ಇಲ್ಲಿ ಜಪಾನಿನವರು?"

"ಯಾರೂ ಇಲ್ಲ ಸ್ವಾಮಿ," ಅಂದರು ನಮ್ಮೆಜಮಾನರು. "ಜಪಾನಿಂದು ಅಂತ ಇರೋದು ಬಚ್ಚಲು ಒಂದೇಯ."

"ಬಚ್ಚಲಲ್ಲಿ ಯಾರಿದಾರೆ?"

"ನಮ್ಮ ಸೋದರತ್ತೆ ಅವ್ರೆ ಸ್ವಾಮಿ."

"ಈಚೆಗೆ ಕರೀರಿ, ನೋಡ್ಬೇಕು."

"ನೀವೇ ಕರೀರಿ ಸ್ವಾಮಿ. ನಂಗೆ ಅಷ್ಟು ಧೈರ್ಯ ಇಲ್ಲ."

ಒಳಗಿನಿಂದ ಸೋದರತ್ತೆ ಕೆಮ್ಮಿದ ರೀತಿಗೇ ಪೊಲೀಸಪ್ಪನಿಗೂ ಧೈರ್ಯ ಹೋಯಿತು. ಜಗಲಿಯ ಮೇಲೆ ಕೂತು ಕಾದರು. ಅತ್ತೆ ಈಚೆಗೆ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿ ಹೋದ ಮೇಲೆ, "ಸೈಕಲ್ ತುಳಿದು ತುಳಿದು ಸೊಂಟ ಬಿದ್ದೋಗಿದೆ ಕಣ್ರೀ" ಅಂತ ಮೆಲ್ಲಗೆ ಹೇಳಿದರು. ಎಣ್ಣೆ ಕೊಟ್ಟೆವು, ಸ್ನಾನ ಮಾಡಿದರು, ಮಗುವಿನ ಹಾಗೆ ಕೆಂಪಗಾಗಿ ಈಚೆಗೆ ಬಂದರು. "ನೀರಿನ ಮೇಲೆ ನಂದೇನೂ ತಕರಾರಿಲ್ಲ. ಬೋರ್ಡು ಮಾತ್ರ ಸರಿ ಇಲ್ಲ" ಅಂದವರೇ ಗಾಡಿ ಕೀಲಿಗೆ ಹಾಕುವ ಕರೀ ಎಣ್ಣೆಯಲ್ಲಿ ಬೆರಳದ್ದಿ, ಬೋರ್ಡಿನ ಮೊದಲ ಮಾತಿನ ದೀರ್ಘವನ್ನೂ ಕೊನೆಯ ಅಕ್ಷರವನ್ನೂ ತಾವೇ ಬಳಿದು ಮುಚ್ಚಿದರು. ಉಳಿದದ್ದು 'ಜಪ ಸ್ನಾನ'.

ಇದಾದ ಸ್ವಲ್ಪ ದಿನಕ್ಕೆ ಮಂಡ್ಯದಿಂದ ರೈಲಿನಲ್ಲಿ ಒಂದಷ್ಟು ಮುತ್ತೈದೆಯರು ಬಂದಿಳಿದರು. ಕೈಯಲ್ಲಿ ಜಪಮಣಿ, ಮಡಿಸೀರೆಯ ಗಂಟು. "ಇಲ್ಲಿ ಜಪ ಹೇಳಿಕೊಡೋ ಸ್ವಾಮಿಗಳು ಎಲ್ಲಿದ್ದಾರೆ?" ಅಂತ ವಿಚಾರಿಸುತ್ತಾ ಹಿತ್ತಿಲಿಗೇ ಬಂದರು. ಅದೇ ಹೊತ್ತಿಗೆ ನಮ್ಮೆಜಮಾನರು ಒಲೆಯ ಬೂದಿ ಗೋರಿ ಎದ್ದರು. ಮೈಮೇಲೆ ಅಂಗಿಯಿಲ್ಲ, ಹಣೆಯಿಂದ ಹೊಟ್ಟೆಯವರೆಗೆ ಬೂದಿ. ಎಲ್ಲರಿಗಿಂತ ಹಿರಿಯಾಕೆ ಅಡ್ಡಬಿದ್ದೇಬಿಟ್ಟರು. ನಮ್ಮೆಜಮಾನರು ಗಾಬರಿಯಿಂದ ಹಿಂದೆ ಸರಿದು, "ಬಿಸಿನೀರು ಕಾದದೆ ತಾಯಿ" ಅಂದರು.

ಆಕೆ ಎದ್ದು, ಕೈಮುಗಿದುಕೊಂಡೇ ಉಳಿದವರ ಕಡೆ ತಿರುಗಿ ಪಿಸುಗುಟ್ಟಿದರು: "ನೋಡಿದ್ರಾ, ಎಷ್ಟು ಮಿತವಾಗಿ ಮಾತಾಡ್ತಾರೆ!"

ಬಾಗಿಲ ಮೇಲಿನ ಸೀರೆ

ಗಂಡಸರ ಸರದಿ ಯಾವಾಗ, ಹೆಂಗಸರದು ಯಾವಾಗ ಅಂತ ಓದು ಬಾರದವರಿಗೂ ತಿಳಿಯಲಿ ಅಂತ ನಾನೇ ಒಂದು ಉಪಾಯ ಮಾಡಿದ್ದೆ. ಬಚ್ಚಲ ಬಾಗಿಲ ಮೇಲೆ ಪಂಚೆ ಹಾಕಿದ್ದರೆ ಒಳಗೆ ಗಂಡಸರು, ಸೀರೆ ಹಾಕಿದ್ದರೆ ಹೆಂಗಸರು.

ಮಂಡ್ಯದಲ್ಲಿ ಗುಮಾಸ್ತೆ ಕೆಲಸದಲ್ಲಿದ್ದ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಆಕೆ ಬಸುರಿ, ಏನು ತಿಂದರೂ ವಾಂತಿ. ಗಂಡ ಒಳ್ಳೆಯ ಮನುಷ್ಯ. ಸ್ನಾನಕ್ಕೆ ಹೋಗುವಾಗ ಆಕೆಯ ಸೀರೆಯನ್ನು ಪಂಚೆಯೊಳಗೆ ಸುತ್ತಿಕೊಂಡು ಹೋಗಿ, ಯಾರಿಗೂ ಕಾಣದ ಹಾಗೆ ಒಗೆದು, ಹಿಂಡಿ, ಅಲ್ಲೇ ಬಚ್ಚಲ ಬಾಗಿಲ ಪಂಚೆಯ ಮೇಲೆ ಹರವಿ, ಕೊಪ್ಪರಿಗೆಯಲ್ಲಿ ಕಣ್ಣು ಮುಚ್ಚಿ ಕೂತರು.

ಪಕ್ಕದ ಕೋಣೆಯ ಮೂವರು ಓರಗಿತ್ತಿಯರು ಸೀರೆ ನೋಡಿ ಸೀದಾ ನುಗ್ಗಿದರು. ಆಮೇಲೆ ಎದ್ದ ಕಿರುಚಾಟಕ್ಕೆ ಕಾಗೆಗಳು ಮರ ಬಿಟ್ಟು ಹಾರಿದವು. ಗುಮಾಸ್ತರು ಕುತ್ತಿಗೆವರೆಗೆ ಮುಳುಗಿದರು, ಅದು ಸಾಲದೆ ತಲೆಯನ್ನೂ ಮುಳುಗಿಸಿದರು. ಹೆಂಗಸರು ಓಡಿ ಈಚೆಗೆ ಬಂದರು. ಆದರೆ ಅವರಲ್ಲಿ ದೊಡ್ಡಾಕೆ ಬಾಗಿಲಾಚೆಯೇ ನಿಂತು, ಸೆರಗು ಸರಿಮಾಡಿಕೊಂಡು ಕೇಳಿದರು:

"ಅದೆಲ್ಲ ಸರಿ. ಈ ಸೀರೆ ಯಾರ್ದು?"

ಉಸಿರಿಗೆ ಮೇಲೆ ಬಂದ ಗುಮಾಸ್ತರು ಒಳಗಿನಿಂದಲೇ, "ನಮ್ಮನೆಯವರದು" ಅಂದರು.

"ಒಗೆದಿದ್ಯಾರು?"

ತಪ್ಪು ಮಾಡಿದವರ ದನಿಯಲ್ಲಿ, "ನಾನೇ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದ ಸೀದಾ, ಜಗಲಿಯಲ್ಲಿ ಹುಲಿಕುರಿ ಆಡುತ್ತಿದ್ದ ತಮ್ಮ ಗಂಡಂದಿರ ಹತ್ತಿರ ಹೋದರು. ಅಲ್ಲಿ ಏನು ಮಾತಾಯಿತೋ ನಾನರಿಯೆ. ಸಂಜೆ ಬಾವಿಯ ಹತ್ತಿರ ಹೋದರೆ ಮೂವರು ಗಂಡಸರೂ ಒಗೆಯುವ ಕಲ್ಲಿನ ಮುಂದೆ ಸಾಲಾಗಿ ನಿಂತಿದ್ದರು. ಒಬ್ಬ ಸೀರೆ ಹಿಂಡುವುದನ್ನು ನಿಲ್ಲಿಸಿ ನಮ್ಮೆಜಮಾನರನ್ನು ಕೇಳಿದ:

"ಯಜಮಾನ್ರೇ, ಆ ಮಂಡ್ಯದೋನು ಯಾವಾಗ ಊರಿಗೋಯ್ತಾನೆ?"

ಬೆನ್ನುಜ್ಜಿದವರು

ಮಳವಳ್ಳಿ ಹತ್ತಿರದ ಹಳ್ಳಿಯಿಂದ ಒಬ್ಬ ಗೌಡರು ಬೆನ್ನು ಹಿಡಿದುಕೊಂಡಿದೆ ಅಂತ ಹೆಂಡತಿಯ ಜೊತೆ ಬಂದಿದ್ದರು. ಗೌಡರ ಹಲ್ಲೆಲ್ಲ ಬಿದ್ದು ಮಾತು ಗಾಳಿಯಲ್ಲಿ ಬರುತ್ತಿತ್ತು, ಆದರೆ ಕೋಪಕ್ಕೇನೂ ಕಮ್ಮಿಯಿರಲಿಲ್ಲ. ಗೌಡತಿ ಅಡುಗೆಮನೆಯಲ್ಲಿ ನನ್ನ ಜೊತೆ ಅವರೆಕಾಯಿ ಸುಲಿಯುತ್ತಾ ತನ್ನ ಕತೆ ಹೇಳಿಕೊಂಡರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರಂತೆ. ಅದೇ ತಮ್ಮನ ಮನೆಯ ಮದುವೆಯಲ್ಲಿ ಗೌಡರಿಗಿಂತ ಮೊದಲು ಇನ್ಯಾರಿಗೋ ತಾಂಬೂಲ ಕೊಟ್ಟುಬಿಟ್ಟರಂತೆ. ಗೌಡರು ಎದ್ದು ಮೆಟ್ಟು ಹಾಕಿಕೊಂಡರಂತೆ. ಅಷ್ಟೇ. ಆವತ್ತಿನಿಂದ ಭಾವ ಭಾಮೈದನಿಗೆ ಮಾತಿಲ್ಲ, ಈಕೆಗೆ ತವರಿಲ್ಲ. "ಅವನ್ ಮಗೀಗೆ ಈಗ ಮದ್ವೆ ವಯಸ್ಸಂತೆ ಕಣವ್ವ. ಬೀದೀಲಿ ಸಿಕ್ಕುದ್ರೂ ನಂಗೆ ಗುರ್ತು ಸಿಕ್ಕಾಕಿಲ್ಲ" ಅಂದರು. ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೇ ಹಿಡಿದುಕೊಂಡಿದ್ದರು.

ಮಾರನೆಯ ದಿನ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹೊಗೆ ಕಾರುತ್ತಾ ಬಂದು ನಿಂತಿತು. ನೆಗಡಿಯಿಂದ ಮೂಗು ಕಟ್ಟಿದ ಒಬ್ಬ ಗಂಡಸು ಸೊಂಟ ಹಿಡಿದುಕೊಂಡು ಇಳಿದ. ಗೌಡತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಅವ್ವಾ, ನನ್ ತಮ್ಮ ಕಣವ್ವ!"

"ಓಗಿ ಮಾತಾಡ್ಸಿ ಮತ್ತೆ."

"ಬ್ಯಾಡ ಕಣವ್ವ. ಇವ್ರು ನೋಡುದ್ರೆ ಈಗಿಂದೀಗ್ಲೇ ಗಾಡಿ ಕಟ್ಟುಸ್ತಾರೆ. ಬಾಗ್ಲಿಂದೆ ನಿಂತಾದ್ರೂ ಒಂದಿನ ಕಣ್ತುಂಬ ನೋಡ್ಕತೀನಿ. ಯಾರ್ಗೂ ಯೋಳ್ಬ್ಯಾಡ."

ನಾನು ಮಾತು ಕೊಟ್ಟೆ. ಗೌಡರನ್ನು ಮೊದಲು ಸ್ನಾನಕ್ಕೆ ಕಳಿಸಿ, ಅವರು ಉಂಡು ಮಲಗಿದ ಮೇಲೆ ತಮ್ಮನನ್ನು ಕಳಿಸುವುದು ಅಂತ ಲೆಕ್ಕ ಹಾಕಿದೆ. ನಮ್ಮೆಜಮಾನರಿಗೆ ಹೇಳಲಿಲ್ಲ. ನಾನು ಸೌದೆ ತರಲು ಹೋಗಿ ಬರುವುದರೊಳಗೆ ಅವರು ಬೆಂಕಿ ದಂಡವಾಗಬಾರದು ಅಂತ ಇಬ್ಬರನ್ನೂ ಒಟ್ಟಿಗೆ ಬಚ್ಚಲಿಗೆ ಕಳಿಸಿಬಿಟ್ಟಿದ್ದರು!

ಒಲೆಯ ಹತ್ತಿರ ಬಂದು ಕಿಂಡಿಗೆ ಕಿವಿಗೊಟ್ಟೆ. ಕೊಪ್ಪರಿಗೆಗೆ ಇಳಿಯುವ ಮೊದಲು ಕಲ್ಲುಹಾಸಿನ ಮೇಲೆ ಕೂತು ಮೈಯುಜ್ಜಿಕೊಳ್ಳಬೇಕು ಅನ್ನುವುದು ನಮ್ಮಲ್ಲಿ ನಿಯಮ. ಒಳಗೆ ಮಬ್ಬು, ದಟ್ಟ ಆವಿ. ಇಬ್ಬರ ತಲೆಗೂ ಮುಖಕ್ಕೂ ಸೀಗೆಪುಡಿ, ಇಬ್ಬರೂ ಕಣ್ಣು ಮುಚ್ಚಿಕೊಂಡಿರಬೇಕು.

"ಯಾರಪ್ಪ ಪಕ್ಕದಾಗಿರೋದು? ಒಸಿ ಬೆನ್ನುಜ್ಜೀಯಾ? ನಂಗೆ ಕೈ ಎಟುಕಾಕಿಲ್ಲ." ಇದು ಗೌಡರು.

"ಅದ್ಕೇನು, ತಿರುಕ್ಕಳಿ ಯಜಮಾನ್ರೇ." ಕಟ್ಟಿದ ಮೂಗಿನ ದನಿ. ಉಜ್ಜುವ ಸದ್ದು ಶುರುವಾಯಿತು. "ಏನ್ ಬೆನ್ನು ಇಂಗೆ ಕಲ್ಲಾಗದೆ?"

"ಒಳಗೆ ಒಂದು ಸಿಟ್ಟು ಮಡೀಕ್ಕಂಡಿವ್ನಿ ಕಣಪ್ಪ. ನಂಗೊಬ್ಬ ಬಾಮೈದ ಅವ್ನೆ. ಕತ್ತೆ. ಮನೆಗೆ ಕರ್ದು, ತುಂಬಿದ್ ಚಪ್ಪರದಾಗೆ ಮರ್ವಾದೆ ಕಳ್ದ."

"ಅಂಥೋರ ಸವಾಸನೇ ಬ್ಯಾಡ ಬುಡಿ. ನಂಗೂ ಒಬ್ಬ ಬಾವ ಅವ್ನೆ. ಮೂಗಿನ ತುದೀಲೇ ಕ್ವಾಪ. ಯಾರೋ ಮಾಡಿದ್ ತೆಪ್ಪಿಗೆ ನನ್ ಮ್ಯಾಲೆ ಮುನಿಸ್ಕಂಡು ಕುಂತವ್ನೆ."

"ಎಳ್ಡು ಬುಡಬೇಕಾಗಿತ್ತು ನೀನು ಅವ್ನಿಗೆ."

"ಬುಡ್ತಿದ್ದೆ. ನಮ್ಮಕ್ಕನ ಮೊಕ ನೋಡ್ಕಂಡು ಸುಮ್ಕಾದೆ."

"ನಾನೂ ಅಷ್ಟೇ ಕಣಪ್ಪ, ಎಂಡ್ರು ಮೊಕ ನೋಡಿ ಬುಟ್ಟೆ."

ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿ ನೋಡಿದರೆ ಗೌಡತಿ. ಒಳಗೆ ಒಂದು ಚೊಂಬು ನೀರು ಸುರಿದ ಸದ್ದು, ಇನ್ನೊಂದು ಚೊಂಬು ಸುರಿದ ಸದ್ದು. ಇಬ್ಬರೂ ಮುಖ ತೊಳೆದುಕೊಂಡರು ಅಂತ ಕಾಣುತ್ತದೆ. ಆಮೇಲೆ ಸದ್ದೇ ಇಲ್ಲ. ಒಲೆಯಲ್ಲಿ ಸೌದೆ ಚಟಗುಟ್ಟಿದ್ದು ನನಗೆ ಗುಡುಗಿನ ಹಾಗೆ ಕೇಳಿತು. ಈಗ ಗೌಡರು ಎದ್ದರು, ಈಗ ಗಾಡಿ ಕಟ್ಟಿಸಿದರು ಅಂತ ನಾನು ಎಣಿಸುತ್ತಿದ್ದೆ.

ತುಂಬ ಹೊತ್ತಾದ ಮೇಲೆ ಗೌಡರ ದನಿ ಬಂತು:

"ಯಾಕ್ಲಾ ನಿಲ್ಲುಸ್ದೆ? ಎಡಗಡೆ ಇನ್ನೂ ಅಂಗೇ ಅದೆ."

"ಉಜ್ಲೋ ಬುಡ್ಲೋ ತಿಳೀನಿಲ್ಲ ಬಾವ."

"ಉಜ್ಜು."

ಉಜ್ಜುವ ಸದ್ದು ಮತ್ತೆ ಶುರುವಾಯಿತು. ಗೌಡತಿ ಸೌದೆ ರಾಶಿಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು, ಅಳುತ್ತಲೇ ನಕ್ಕರು.

ಸ್ನಾನ ಮುಗಿಸಿ ಬಂದ ಗೌಡರು ಹೆಂಡತಿಯ ಮುಖ ನೋಡದೆ, ಟವಲಿನಲ್ಲಿ ಕಿವಿ ಒರೆಸಿಕೊಳ್ಳುತ್ತಾ ಹೇಳಿದರು: "ಒಳಗೆ ಯಾವನೋ ಒಬ್ಬ ಸಿಕ್ಕಿದ್ದ ಕಣಮ್ಮಿ. ಬೆನ್ನು ಚೆಂದಾಗುಜ್ಜಿದ. ಆಮ್ಯಾಕೆ ಕಣ್ಬುಟ್ಟು ನೋಡುದ್ರೆ, ನಿನ್ ತಮ್ಮ."

ಮಾರನೆಯ ಬೆಳಿಗ್ಗೆ ಮೂವರೂ ಒಂದೇ ಗಾಡಿಯಲ್ಲಿ ಹೊರಟರು, ಗೌಡತಿಯ ತವರಿಗೆ. ಗೌಡತಿ ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದರು. ಗಂಡಸರು ಹತ್ತುವಾಗ ತಮ್ಮ ತಡೆಯಲಾರದೆ ಕೇಳಿಯೇಬಿಟ್ಟ:

"ಬಾವ, ನೆನ್ನೆ ಒಳಗೆ ನನ್ನ ಕತ್ತೆ ಅಂದ್ರಲ್ಲ..."

"ನಿಂಗೆಲ್ಲಂದೆ? ಬೆನ್ನುಜ್ತಿದ್ನಲ್ಲ, ಅವ್ನ ತಾವ ನಮ್ ಬಾಮೈದನ ಸುದ್ದಿ ಯೋಳ್ದೆ."

"ಅಂಗಾರೆ ನಾನೂ ನಿಮ್ಮನ್ನ ಏನೂ ಅನ್ನಿಲ್ಲ ಬಾವ. ನಮ್ ಬಾವನ್ನ ಅಂದಿದ್ದು."

ಗಾಡಿಯ ಒಳಗಿನಿಂದ ಗೌಡತಿಯ ದನಿ ಬಂತು:

"ಇಬ್ರೂ ಯೋಳಿದ್ದು ನಿಜಾನೇಯ. ಗಾಡಿ ಒಡೀರಿ."