ಬೀಗರ ಅಂಗಡಿಗೆ ಸಪೋರ್ಟ್

ಅಕ್ಕನ ಮನೆಗೆ ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತು, "ಒಬ್ಬರೇ ಇರ್ತೀರಲ್ಲ, ಆಗುತ್ತಾ?" ಎಂದು ಕೇಳಿದ್ದು ನಿಜ. ಅದಕ್ಕೆ ಬೀಗದ ಅಂಗಡಿಯ ಯಜಮಾನರು ಮೀಸೆಯ ಮೇಲೆ ಕೈಯಾಡಿಸಿ, "ನನಗೇನಾಗಿದೆ? ರಾಜನ ಹಾಗೆ ಇರ್ತೀನಿ. ನೀನೇನೂ ಅವಸರ ಮಾಡ್ಬೇಡ, ನಿಧಾನವಾಗಿ ಬಾ" ಎಂದದ್ದೂ ನಿಜ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಗಂಡನ ಒಂದು ಮಾತನ್ನೂ ಪೂರ್ತಿ ಕೇಳಿ ಗೊತ್ತಿಲ್ಲದ ಆ ಮಹಾತಾಯಿ ಇದೊಂದನ್ನು ಮಾತ್ರ ಶಿರಸಾವಹಿಸಿ, ಚಾಚೂ ತಪ್ಪದೆ ಪಾಲಿಸಿಬಿಟ್ಟಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದ ಅಕ್ಕ ಈಗ ಮಹಡಿ ಹತ್ತಿ ಇಳಿಯುತ್ತಿದ್ದಾಳಂತೆ. ಹದಿನೈದು ದಿನಕ್ಕೆಂದು ಹೋದ ತಂಗಿ ಹನ್ನೊಂದನೇ ವಾರದಲ್ಲೂ ನಿಧಾನವಾಗಿಯೇ ಬರುತ್ತಿದ್ದಾಳೆ.

ಪ್ರತಿ ಭಾನುವಾರ ಬೆಳಿಗ್ಗೆ ಅವಳ ಫೋನ್ ಬರುತ್ತಿತ್ತು.

"ಊಟ ತಿಂಡಿ?"

"ಭರ್ಜರಿ."

"ಆರೋಗ್ಯ?"

"ಕಲ್ಲುಗುಂಡು."

"ಬೇಜಾರಾಗಲ್ವಾ?"

"ಬೇಜಾರು ಪಡೋಕೂ ಪುರುಸೊತ್ತು ಬೇಕಲ್ಲ!"

ಫೋನ್ ಇಟ್ಟ ಮೇಲೆ ಮುಂದಿನ ಭಾನುವಾರದವರೆಗೂ ಪುರುಸೊತ್ತೇ. ಮಕ್ಕಳಿಲ್ಲದ ಮನೆ. ಅಲ್ಲಿ ಈಗ ಬಾಯಿಬಿಟ್ಟು ಮಾತಾಡುವುದು ಕುಕ್ಕರ್ ಒಂದೇ, ಅದೂ ದಿನಕ್ಕೆ ಮೂರೇ ಮಾತು. ಅಂಗಡಿಗೆ ಬಂದರೆ ಅಲ್ಲೂ ಅದೇ ಕಥೆ. ಹೊಸ ಕಟ್ಟಡಗಳಿಗೆಲ್ಲ ನಂಬರ್ ಒತ್ತುವ ಬೀಗಗಳು ಬಂದಿವೆ, ಕೀಲಿಕೈಯ ಹಂಗೇ ಇಲ್ಲ. ಅಪರೂಪಕ್ಕೆ ಬಂದ ಗಿರಾಕಿ ಕೀಲಿಯನ್ನು ಕಟ್ಟೆಯ ಮೇಲಿಟ್ಟು, ಕಣ್ಣನ್ನು ಮೊಬೈಲಿನಲ್ಲಿಟ್ಟು, ನಕಲು ಸಿಕ್ಕಿದ ಕೂಡಲೇ ಹೊರಟುಹೋಗುತ್ತಾನೆ. (ಒಮ್ಮೆ ಯಜಮಾನರು ಮಾತು ಬೆಳೆಸಲೆಂದೇ ಬೇಕಂತಲೇ ತಪ್ಪು ಹಲ್ಲು ಕೊರೆದರು. ಆ ಗಿರಾಕಿ ಮತ್ತೆ ಬರಲೇ ಇಲ್ಲ.) ಒಂಟಿತನ ಎಂಬ ಪದವನ್ನು ಅವರು ಬಾಯಲ್ಲಿ ಹೇಳುವ ಪೈಕಿಯವರಲ್ಲ. ಆದರೆ ಇದ್ದದ್ದು ಅದೇ.

ವೆಬ್‌ಸೈಟ್ ಎಂಬ ದಿವ್ಯಜ್ಞಾನವನ್ನು ದಯಪಾಲಿಸಿದ್ದು ಪಕ್ಕದ ಜೆರಾಕ್ಸ್ ಅಂಗಡಿಯ ಅಮ್ಮ.

"ಜನ ಈಗ ರಸ್ತೆ ನೋಡಲ್ಲ ಅಣ್ಣ, ಫೋನ್ ನೋಡ್ತಾರೆ. ನಿಮ್ಮ ಅಂಗಡಿ ಅದರೊಳಗೆ ಇರ್ಬೇಕು. ಒಂದು ಹೆಸರು ತಗೊಳ್ಳಿ, ಅದು ಡೊಮೈನ್. ಇಟ್ಕೊಳ್ಳೋಕೆ ಒಂದು ಜಾಗ ತಗೊಳ್ಳಿ, ಅದು ಹೋಸ್ಟ್. ಫೋಟೋ ಗೀಟೋ ನಾನು ಹಾಕಿಕೊಡ್ತೀನಿ. ಹೋಸ್ಟ್ ಆರಿಸುವಾಗ ಮಾತ್ರ ಹುಷಾರು, ಸಪೋರ್ಟ್ ಚೆನ್ನಾಗಿರ್ಬೇಕು."

"ಸಪೋರ್ಟ್ ಅಂದ್ರೆ?"

"ನೀವು ಕೂಗಿದ್ರೆ ಅವರು ಓಗೊಡ್ಬೇಕು. ಯಾವ ಹೊತ್ತಲ್ಲಾದ್ರೂ."

ಯಜಮಾನರ ಕೈಯಲ್ಲಿ ಕೀಲಿ ಉಜ್ಜುತ್ತಿದ್ದ ಅರ ಹಾಗೇ ನಿಂತಿತು. ಯಾವ ಹೊತ್ತಿನಲ್ಲಿ ಕೂಗಿದರೂ ಓಗೊಡುವವರು ಜಗತ್ತಿನಲ್ಲಿದ್ದಾರೆಯೇ? ಮನೆಗೆ ಹೋಗಿ ನಿಘಂಟು ತೆಗೆದರು. ಹೋಸ್ಟ್ ಎಂದರೆ ಆತಿಥೇಯ ಎಂದಿತ್ತು. ಹನ್ನೊಂದು ವಾರದಿಂದ ಯಾರೂ ಒಂದು ಲೋಟ ಕಾಫಿಗೂ ಕರೆಯದ ಮನುಷ್ಯ ತನಗೊಬ್ಬ ಆತಿಥೇಯನನ್ನು ಹುಡುಕಿಕೊಳ್ಳಲು ಟೊಂಕ ಕಟ್ಟಿ ನಿಂತ.

ವರಾನ್ವೇಷಣೆಯೂ ಇಷ್ಟು ಶಾಸ್ತ್ರೋಕ್ತವಾಗಿ ನಡೆದಿರಲಾರದು. ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ಐದು ಕಂಪನಿಗಳನ್ನು ಸಾಲಾಗಿ ನಿಲ್ಲಿಸಿ, ಐದಕ್ಕೂ ಒಂದೇ ಮಧ್ಯಾಹ್ನ ಒಂದೇ ಪ್ರಶ್ನೆ ಎಸೆದರು: "ನನಗೆ ಏನೂ ಗೊತ್ತಿಲ್ಲ. ಸಹಾಯ ಮಾಡುತ್ತೀರಾ?" ಮೊದಲನೆಯದರಲ್ಲಿ ಯಂತ್ರವೊಂದು, "ಒಂದನ್ನು ಒತ್ತಿ, ಎರಡನ್ನು ಒತ್ತಿ" ಎಂದು ಒಂಬತ್ತರವರೆಗೂ ಒತ್ತಿಸಿ ಮತ್ತೆ ಒಂದಕ್ಕೆ ತಂದು ನಿಲ್ಲಿಸಿತು. ಎರಡನೆಯದು ಸಂಗೀತ ಹಾಕಿ ಕೂರಿಸಿತು. (ಸಂಗೀತ ಚೆನ್ನಾಗಿತ್ತು, ಅದಕ್ಕೆ ಒಂದು ಅಂಕ ಕೊಟ್ಟರು.) ಮೂರನೆಯದು "ಟಿಕೆಟ್ ತೆಗೆದುಕೊಳ್ಳಿ" ಎಂದಿತು. ಯಜಮಾನರು "ಎಲ್ಲಿಗೆ?" ಎಂದು ಕೇಳಿದ್ದಕ್ಕೆ ಮತ್ತೆ ಉತ್ತರವಿಲ್ಲ. ನಾಲ್ಕನೆಯದರ ಉತ್ತರ ಇವತ್ತಿಗೂ ಬಂದಿಲ್ಲ. ಐದನೆಯದು ಅರ್ಧ ನಿಮಿಷದಲ್ಲಿ ಅಚ್ಚ ಕನ್ನಡದಲ್ಲಿ ಬರೆಯಿತು: "ನಮಸ್ಕಾರ ಸರ್. ಖಂಡಿತ ಮಾಡುತ್ತೇವೆ. ನಿಧಾನವಾಗಿ ಹೇಳಿ, ನಾವು ಇಲ್ಲೇ ಇದ್ದೇವೆ."

ನಾವು ಇಲ್ಲೇ ಇದ್ದೇವೆ! ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಆತಿಥೇಯ ಸಿಕ್ಕಿದ್ದ.

ಇನ್ನು ಉಳಿದದ್ದು ಹೆಸರು. ಆ ಕಂಪನಿಯ ಡೊಮೈನ್ ಪುಟ ಬಹಳ ಮರ್ಯಾದಸ್ಥ. 'ಬೀಗದ ಅಂಗಡಿ' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದರೆ, "ಕ್ಷಮಿಸಿ, ಈ ಹೆಸರು ಬೇರೆಯವರ ಬಳಿ ಇದೆ. ಇದನ್ನೇ ಹೋಲುವ ಹೆಸರು ಖಾಲಿ ಇದೆ, ಬೇಕೆ?" ಎಂದು ತಾನೇ ಒಂದನ್ನು ಮುಂದಿಟ್ಟಿತು. ಅದೇ ಅಕ್ಷರಗಳು, ಅದೇ ಉದ್ದ. ನಡುವೆ ಎಲ್ಲೋ ಒಂದು ಡಿ ಇದ್ದ ಕಡೆ ಆರ್ ಇತ್ತು. ಒಂದು ಅಕ್ಷರಕ್ಕೆ ಯಾರು ಜಗಳ ಕಾಯುತ್ತಾರೆ? ಒತ್ತಿಯೇಬಿಟ್ಟರು. ಕೂಡಲೇ ಪುಟ ಇಮೇಲ್ ವಿಳಾಸ ಕೇಳಿತು. ಮನೆಗೆ ಇದ್ದದ್ದು ಒಂದೇ ವಿಳಾಸ, ಹೆಂಡತಿ ಗ್ಯಾಸ್ ಬುಕಿಂಗಿಗೆಂದು ಮಾಡಿಕೊಂಡದ್ದು. ಅದನ್ನೇ ತುಂಬಿದರು. ಆ ವಿಳಾಸಕ್ಕೆ ಆರಂಕಿಯ ಗುಟ್ಟು ಸಂಖ್ಯೆ ಹೋಗಿದೆ ಎಂದಿತು ಪುಟ. ಹಾಗಾಗಿ ಮಂಗಳವಾರವೇ ಹೆಂಡತಿಗೆ ಫೋನ್ ಮಾಡಬೇಕಾಯಿತು.

"ಏನಾಯ್ತು? ಹುಷಾರಿಲ್ವಾ?" ಅವಳ ದನಿಯಲ್ಲಿ ಗಾಬರಿ.

"ಹುಷಾರಿಲ್ಲದೆ ಏನು? ನಿನ್ನ ಮೊಬೈಲಿಗೆ ಒಂದು ನಂಬರ್ ಬಂದಿದೆ, ಹೇಳು."

"ಅಷ್ಟಕ್ಕೇನಾ ಫೋನು?"

"ಮತ್ತಿನ್ನೇನಕ್ಕೆ ಮಾಡ್ಬೇಕು?"

"ಯಾವನೋ ಮೋಸಗಾರ ಕೇಳಿರ್ತಾನೆ, ನೀವು ಕೊಟ್ಟುಬಿಡ್ತೀರಿ."

"ನಾನು ಬೀಗದವನು ಕಣೇ! ನನಗೇ ಭದ್ರತೆ ಪಾಠ ಹೇಳ್ತೀಯಾ?"

"ಹೌದು, ಹೋದ ವರ್ಷ ನಮ್ಮನೆ ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು ಯಾರೋ ಬೇರೆ ಬೀಗದವರು."

ಸಂಖ್ಯೆ ಸಿಕ್ಕಿತು, ಮಾತು ಮುಗಿಯಿತು. ಇನ್ನೂ ನಾಲ್ಕು ಬೈಗುಳ ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿ ಯಜಮಾನರು ಫೋನನ್ನು ಸ್ವಲ್ಪ ಹೊತ್ತು ಕಿವಿಗೇ ಹಿಡಿದುಕೊಂಡಿದ್ದರು.

ವೆಬ್‌ಸೈಟ್ ಶುಕ್ರವಾರ ಲೋಕಾರ್ಪಣೆಯಾಯಿತು. ಶನಿವಾರವೇ ಫೋನ್ ಬಂತು. ಯಜಮಾನರು ಗಂಟಲು ಸರಿಮಾಡಿಕೊಂಡು ಎತ್ತಿದರು.

"ನಮಸ್ಕಾರ, ನಮ್ಮ ಹುಡುಗಿ ಎಂ.ಕಾಂ. ಮಾಡಿದಾಳೆ. ನಿಮ್ಮಲ್ಲಿ ಎಂಥಾ ಬೀಗರು ಸಿಗ್ತಾರೆ?"

"ಎಲ್ಲಾ ಥರದ್ದೂ ಸಿಗುತ್ತೆ ಸ್ವಾಮಿ. ಹಳೇದು, ಹೊಸದು, ತುಕ್ಕು ಹಿಡಿದದ್ದನ್ನೂ ಎಣ್ಣೆ ಬಿಟ್ಟು ಸರಿಮಾಡಿ ಕೊಡ್ತೀವಿ."

ಆ ಕಡೆಯವರು "ತುಕ್ಕು ಹಿಡಿದವರು ಬೇಡ" ಎಂದು ಇಟ್ಟುಬಿಟ್ಟರು. ಇನ್ನೂ ಮೂರು ಫೋನ್ ಬರುವ ಹೊತ್ತಿಗೆ ಜೆರಾಕ್ಸ್ ಅಮ್ಮ ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಣ್ಣಾ, ಡಿ ಹೋಗಿ ಆರ್ ಆಗಿದೆ. ಇದು ಬೀಗದ ಅಂಗಡಿ ಅಲ್ಲ, ಬೀಗರ ಅಂಗಡಿ! ಸಂಬಂಧ ಕುದುರಿಸೋ ಜಾಗ ಅಂದ್ಕೊಂಡಿದಾರೆ!" ತನಗಿರುವ ಏಕೈಕ ಸಂಬಂಧವನ್ನೇ ಊರಿಗೆ ಕರೆಸಿಕೊಳ್ಳಲಾರದವನು ಊರವರಿಗೆಲ್ಲ ಸಂಬಂಧ ಕುದುರಿಸುವ ದಲ್ಲಾಳಿಯಾಗಿದ್ದ.

ಯಜಮಾನರು ಸಪೋರ್ಟಿನ ಮೊರೆಹೊಕ್ಕರು. ಅವರೂ ಪಾಪ, ಇನ್ನೊಂದು ಹೆಸರು ಕೊಡಿಸಿ, ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ತಿರುಗಿಸುವುದು ಹೇಗೆಂದು ಹೇಳಿಕೊಟ್ಟು, ಎರಡೇ ದಿನದಲ್ಲಿ ಎಲ್ಲ ಸರಿಮಾಡಿದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಮೇಲೆ ಬಿದ್ದು ಬರೆದರು: "ಸರ್, ತಮ್ಮ ಸಮಸ್ಯೆ ಇನ್ನೂ ಬಗೆಹರಿದಿಲ್ಲವೆಂದು ನಮಗೆ ತಿಳಿದುಬಂದಿದೆ. ದಯವಿಟ್ಟು ವಿವರವಾಗಿ ಹೇಳಿ."

ಯಜಮಾನರಿಗೆ ಮೈ ಜುಮ್ಮೆಂದಿತು. ವೆಬ್‌ಸೈಟ್ ಸರಿಯಾಗಿದೆ. ಆದರೂ ಸಮಸ್ಯೆ ಬಗೆಹರಿದಿಲ್ಲ ಎಂಬುದು ಎಲ್ಲೋ ಕುಳಿತ ಕಂಪನಿಗೆ ಹೇಗೆ ಗೊತ್ತಾಯಿತು? ವಿವರವಾಗಿ ಹೇಳಿ ಎಂದು ಈವರೆಗೆ ತಮ್ಮನ್ನು ಯಾರು ತಾನೆ ಕೇಳಿದ್ದರು! ಹೇಳಿದರು. ಸಕ್ಕರೆ ಡಬ್ಬ ಸಿಗದೆ ಎರಡು ವಾರದಿಂದ ಸಪ್ಪೆ ಕಾಫಿ ಕುಡಿಯುತ್ತಿರುವುದನ್ನು ಹೇಳಿದರು. ಅಭ್ಯಾಸಬಲದಿಂದ ಎರಡು ತಟ್ಟೆ ಹಾಕಿ, ಎರಡನ್ನೂ ತೊಳೆಯುವುದನ್ನು ಹೇಳಿದರು. "ತಮ್ಮ ತೊಂದರೆ ಅರ್ಥವಾಗುತ್ತದೆ ಸರ್, ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆದು ನೋಡಿ" ಎಂದು ಆ ಕಡೆಯಿಂದ ಸಾಂತ್ವನ ಬಂತು. ಮರುದಿನ ಮತ್ತೆ "ಬಗೆಹರಿದಿಲ್ಲವೆಂದು ತಿಳಿದುಬಂದಿದೆ." ದಿನಕ್ಕೊಬ್ಬರು ಬದಲಾಗುತ್ತಿದ್ದರೂ ಯಜಮಾನರು ಎಲ್ಲರನ್ನೂ ಸೇರಿಸಿ ಸಪೋರ್ಟಪ್ಪ ಎಂದು ನಾಮಕರಣ ಮಾಡಿದರು. ಬರುಬರುತ್ತಾ ಹಿರಿಯ ಸಪೋರ್ಟಪ್ಪ ಬಂದ, ಅವನ ಮೇಲಿನ ಸಪೋರ್ಟಮ್ಮ ಬಂದಳು. ಸಂಜೆ ಅಂಗಡಿ ಮುಚ್ಚುವ ಮೊದಲು ಅವರಿಗೊಂದು ಮಾತು ಬರೆಯದೆ ಯಜಮಾನರು ಶಟರ್ ಎಳೆಯುತ್ತಿರಲಿಲ್ಲ. ಭಾನುವಾರದ ಫೋನಿಗೆ ಮಾತ್ರ ಅದೇ ಭರ್ಜರಿ, ಅದೇ ಕಲ್ಲುಗುಂಡು.

ಹೀಗಿರಲು ಒಂದು ಬುಧವಾರ ಮಟಮಟ ಮಧ್ಯಾಹ್ನ ಹೆಂಡತಿಯ ಫೋನ್ ಬಂತು.

"ರೀ, ಸಕ್ಕರೆ ಡಬ್ಬ ಮೇಲಿನ ಗೂಡಲ್ಲಿ, ರವೆ ಡಬ್ಬದ ಹಿಂದೆ ಇದೆ."

ಯಜಮಾನರ ಕೈಯಿಂದ ಕೀಲಿ ಜಾರಿತು. "ನಿನಗ್ಯಾರು ಹೇಳಿದ್ರು?"

"ನಿಮ್ಮ ಕಂಪನಿಯವರು. ನೀವು ಅವರ ಹತ್ರ ಮಾತಾಡಿದ್ದಕ್ಕೆಲ್ಲ ಒಂದು ಪ್ರತಿ ಇಮೇಲಿಗೆ ಬರುತ್ತೆ. ಗ್ಯಾಸಿನ ಇಮೇಲಿಗೆ."

"ಎ... ಎಷ್ಟು ಬಂದಿವೆ?"

"ನಲವತ್ತಮೂರು. ನನ್ನ ದಿಂಬು ಪಕ್ಕದಲ್ಲಿಟ್ಕೊಂಡು ಮಲಗ್ತೀರಂತೆ? ಅಕ್ಕನಿಗೂ ಓದಿ ಹೇಳ್ದೆ."

"ಅಕ್ಕನಿಗೂ!"

"ಅವಳ ಕಣ್ಣಲ್ಲಿ ನೀರು ಬಂತು ಕಣ್ರೀ. ನಕ್ಕೂ ನಕ್ಕೂ."

ಯಜಮಾನರು ಮಾನ ಉಳಿಸಿಕೊಳ್ಳುವ ಕೊನೆಯ ಯತ್ನ ಮಾಡಿದರು. "ನೀನು ನಗು. ಆದ್ರೆ ಆ ಜನ ನೋಡು, ಮುಖ ಗೊತ್ತಿಲ್ಲ ಮೂತಿ ಗೊತ್ತಿಲ್ಲ, ದಿನಾ ತಾವಾಗೇ ವಿಚಾರಿಸ್ತಾರೆ. ಅದಕ್ಕೆ ಹೃದಯ ಬೇಕು!"

"ಹೃದಯ ಅಲ್ರೀ, ಫಾರಂ. ಪ್ರತಿ ಇಮೇಲಿನ ಕೆಳಗೂ ಒಂದು ಪ್ರಶ್ನೆ ಇರುತ್ತೆ, 'ಗ್ರಾಹಕರ ಸಮಸ್ಯೆ ಬಗೆಹರಿಯಿತೇ?' ಅಂತ. ಏನಾದ್ರೂ ಬರೆಯೋಕೆ ಜಾಗಾನೂ ಇರುತ್ತೆ. ದಿನಾ ನಾನು 'ಇಲ್ಲ' ಅಂತ ಒತ್ತುತಾ ಇದ್ದೆ. ಒತ್ತಿದ್ರೆ ಅವರು ಮತ್ತೆ ಮಾತಾಡಿಸ್ಲೇಬೇಕು."

ಯಜಮಾನರು ಜಾರಿಬಿದ್ದ ಕೀಲಿಯನ್ನು ಬಗ್ಗಿ ಎತ್ತಿಕೊಂಡರು. ನಲವತ್ತಮೂರು ದಿನ ಜಗತ್ತು ತನ್ನನ್ನು ವಿಚಾರಿಸಿಕೊಳ್ಳುತ್ತಿದೆ ಎಂದುಕೊಂಡಿದ್ದರು. ವಿಚಾರಿಸುತ್ತಿದ್ದದ್ದು ಇವಳೊಬ್ಬಳೇ.

"ಅಷ್ಟೆಲ್ಲ ಗೊತ್ತಿದ್ದೂ ಯಾಕೆ ಬರ್ಲಿಲ್ಲ?" ಎಂದರು ಕೊನೆಗೆ. ದನಿ ಸಣ್ಣದಾಗಿತ್ತು.

"ಯಾರು ಕರೆದ್ರು? 'ಅವಳು ಬಂದರೆ ಸಾಕು' ಅಂತ ಸಪೋರ್ಟಪ್ಪನಿಗೆ ಹನ್ನೆರಡು ಸಲ ಬರೆದಿದೀರಿ. ನನಗೆ ಒಂದು ಸಲ ಹೇಳಿದೀರಾ? ನನಗೆ ಹೇಳಿದ್ದು ನಿಧಾನವಾಗಿ ಬಾ ಅಂತ. ಬಾಯಲ್ಲಿ ಹೇಳೋಕೆ ಬರದಿದ್ರೆ ಬರೆದು ಕಳಿಸಿ. ಬರೆಯೋದು ಚೆನ್ನಾಗೇ ಬರುತ್ತಲ್ಲ."

ಫೋನ್ ಇಟ್ಟಳು. ಯಜಮಾನರು ಬರೆದರು, ಅಳಿಸಿದರು, ಮತ್ತೆ ಬರೆದರು. ಒಬ್ಬ ಗಿರಾಕಿ ಬಂದು ನಿಂತು, ಕಾದು, ಹೋದ. ಕೊನೆಗೆ ಉಳಿದದ್ದು ಇಷ್ಟು: "ನೀನಿಲ್ಲದೆ ನನಗೆ ಆಗುತ್ತಿಲ್ಲ. ಅವಸರ ಮಾಡಿಕೊಂಡು ಬಾ." ಕಣ್ಣು ಮುಚ್ಚಿ ಕಳಿಸಿದರು.

ಅರ್ಧ ನಿಮಿಷದಲ್ಲಿ ಉತ್ತರ ಬಂತು.

"ನಮಸ್ಕಾರ ಸರ್. ತಮ್ಮ ಅಭಿಮಾನಕ್ಕೆ ಋಣಿ. ಆದರೆ ನಮ್ಮ ಸಂಸ್ಥೆಯಲ್ಲಿ ಮನೆಗೆ ಬಂದು ಸೇವೆ ಒದಗಿಸುವ ವ್ಯವಸ್ಥೆ ಇಲ್ಲ. ಕ್ಷಮೆಯಿರಲಿ."

ಕೈ ಅಭ್ಯಾಸದಂತೆ ಸಪೋರ್ಟಪ್ಪನ ಕಿಟಕಿಯನ್ನೇ ತೆರೆದಿತ್ತು! ಯಜಮಾನರು ಹಣೆ ಚಚ್ಚಿಕೊಳ್ಳುತ್ತಿರುವಾಗಲೇ ಅದೇ ಕಿಟಕಿಯಲ್ಲಿ ಇನ್ನೊಂದು ಸಾಲು ಮೂಡಿತು.

"ಸರ್, ಫಾರಂನಲ್ಲಿ ತಮ್ಮ ಪ್ರತಿಕ್ರಿಯೆ ಈಗಷ್ಟೇ ಬಂತು. ಸಮಸ್ಯೆ ಶನಿವಾರ ಸಂಜೆ ಐದೂವರೆಯ ಬಸ್ಸಿನಲ್ಲಿ ಬಗೆಹರಿಯುವುದೆಂದೂ, ಚೀಲ ಭಾರವಿರುವುದರಿಂದ ನಿಲ್ದಾಣಕ್ಕೆ ಬರಬೇಕೆಂದೂ ಬರೆದಿದ್ದೀರಿ. ವಿಷಾದವಿದೆ, ಬಸ್ ನಿಲ್ದಾಣ ನಮ್ಮ ವ್ಯಾಪ್ತಿಗೆ ಬರುವುದಿಲ್ಲ."

ಯಜಮಾನರು ಅದನ್ನು ಮೂರು ಸಲ ಓದಿದರು. ಆಮೇಲೆ ಬರೆದರು: "ಪರವಾಗಿಲ್ಲ. ನಿಲ್ದಾಣಕ್ಕೆ ನಾನೇ ಹೋಗುತ್ತೇನೆ. ನಾಲ್ಕು ಗಂಟೆಗೇ ಹೋಗಿ ನಿಂತಿರುತ್ತೇನೆ." ಅದರ ಪ್ರತಿಯೂ ಅವಳಿಗೆ ಹೋಗುತ್ತದೆಂದು ಈಗ ಅವರಿಗೆ ಗೊತ್ತಿತ್ತು.

ಶನಿವಾರಕ್ಕೆ ಇನ್ನೂ ಮೂರು ದಿನವಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಯಜಮಾನರು ಸ್ವಲ್ಪ ಹೊತ್ತು ರಸ್ತೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮತ್ತೆ ಟೈಪ್ ಮಾಡಿದರು: "ನಮಸ್ಕಾರ. ಡೊಮೈನ್ ಬಗ್ಗೆ ಒಂದು ಸಣ್ಣ ಅನುಮಾನ."